ಹಿಮದ ಮೇಲೆ ಇಳಕಲ್ ಸೀರೆ

ನೆಲ್ಸನ್
೯ ಜೂನ್ ೨೦೨೫

ಅವ್ವನಿಗೆ,

ಇಂದು ಸೋಮವಾರ, ಜೂನ್ ಒಂಬತ್ತು. ಈ ಪತ್ರದ ಉದ್ದೇಶ ಇಷ್ಟೇ: ಈ ವರ್ಷದ ನಮ್ಮ ಸ್ಕೀ ಪ್ರವಾಸವನ್ನು ನನ್ನನ್ನು ಕೇಳದೆ ಬದಲಾಯಿಸಿದವರು ಯಾರು, ಏಕೆ ಬದಲಾಯಿಸಿದರು ಎಂಬುದನ್ನು ನಿನ್ನಿಂದ ಲಿಖಿತವಾಗಿ ತಿಳಿದುಕೊಳ್ಳುವುದು.

ಲಿಖಿತವಾಗಿ ಎಂದದ್ದಕ್ಕೆ ಕಾರಣವಿದೆ. ಫೋನಿನಲ್ಲಿ ಕೇಳಿದಾಗ ಒಮ್ಮೆ ನಿನಗೆ ಒಲೆಯ ಮೇಲಿನ ಹಾಲು ನೆನಪಾಯಿತು, ಇನ್ನೊಮ್ಮೆ ಬಾಗಿಲಿಗೆ ಯಾರೋ ಬಂದರು. ರೊಟೊಟೂನದಲ್ಲಿ ಮೊದಲೇ ಹೇಳದೆ ಯಾರೂ ಯಾರ ಬಾಗಿಲಿಗೂ ಬರುವುದಿಲ್ಲ ಎಂಬುದು ನನಗೆ ಗೊತ್ತು. ಇಮೇಲ್ ಓದುವಾಗ ಹಾಲು ಉಕ್ಕಿದರೆ, ಒಲೆ ಆರಿಸಿ ಬಂದು ಮತ್ತೆ ಓದಬಹುದು.

ಪ್ರತಿ ವರ್ಷ ನಾವು ಮಯೂರಿಯ ಶಾಲೆಯ ರಜೆಗೆ ಹೊಂದಿಸಿಕೊಂಡು ಜುಲೈನಲ್ಲಿ, ಇಲ್ಲಿಯ ಚಳಿಗಾಲದ ನಡುವೆ, ರುಅಪೆಹು ಬೆಟ್ಟಕ್ಕೆ ಹೋಗುತ್ತೇವೆ. ಈ ಸಲ ಅಣ್ಣ ಆಗಸ್ಟ್ ಇಪ್ಪತ್ತೆರಡಕ್ಕೆ ಗೊತ್ತುಮಾಡಿದ್ದಾನೆ. ಆಗ ಮಗುವಿಗೆ ರಜೆಯೇ ಇಲ್ಲ. ಪ್ರತಿ ವರ್ಷ ಓಹಾಕುನೆಯಲ್ಲಿ ಎರಡು ಕೋಣೆಯ ಬಾಚ್, ಅದೇ ರಜೆಯ ಮನೆ, ಬಾಡಿಗೆಗೆ ಹಿಡಿಯುತ್ತೇವೆ. ಈ ಸಲದ್ದು ನಾಲ್ಕು ಕೋಣೆಯದು. ಇರುವವರು ಬಸವಕಿರಣ್ ಅಣ್ಣ, ವಂದನಾ ವೈನಿ, ಅವರ ಮಗಳು ಮಯೂರಿ, ನೀನು, ನಾನು. ಉಳಿದ ಕೋಣೆಗಳು ಯಾರಿಗೆ?

ಇನ್ನು, ಪದ್ಧತಿಯಂತೆ ಎಲ್ಲರೂ ಈ ಋತುವಿನ ತಮ್ಮ ಗುರಿಯನ್ನು ಮೊದಲೇ ಹೇಳಬೇಕು. ನನ್ನವು ಎರಡು. ಸೆಪ್ಟೆಂಬರಿನಲ್ಲಿ ಸ್ಕೀ ಬೋಧಕರ ಮೊದಲ ಹಂತದ ಪರೀಕ್ಷೆಯಲ್ಲಿ ಪ್ರಥಮಳಾಗಿ ತೇರ್ಗಡೆಯಾಗುವುದು. ರುಅಪೆಹುವಿನ ತುರೋವಾ ಬದಿಯ ಕಪ್ಪು ಗುರುತಿನ ಕಡಿದಾದ ಇಳಿಜಾರನ್ನು ನಡುವೆ ನಿಲ್ಲದೆ ಇಳಿಯುವುದು. ಬಾಗಲಕೋಟೆಯ ಶಾಲೆಯಿಂದ ಆಕ್ಲೆಂಡಿನ ಎಂಜಿನಿಯರಿಂಗ್ ತರಗತಿಯವರೆಗೆ ನಾನು ಎಲ್ಲಿಯೂ ಎರಡನೆಯವಳಾಗಿಲ್ಲ. ಹಿಮದ ಮೇಲೆ ಆಗುವ ಉದ್ದೇಶವೂ ಇಲ್ಲ. ಅಣ್ಣನ ಗುರಿ ತನ್ನ ಮೊಣಕಾಲನ್ನು ಉಳಿಸಿಕೊಳ್ಳುವುದು, ವೈನಿಯದು ಅಣ್ಣನನ್ನು ಉಳಿಸಿಕೊಳ್ಳುವುದು. ನಿನ್ನ ಗುರಿಯನ್ನು ನಾನು ಕೇಳುವುದಿಲ್ಲ. ನೀನು ಎಂದಿನಂತೆ ಕೆಳಗಿನ ಕೆಫೆಯಲ್ಲಿ ನಮ್ಮ ಚೀಲಗಳನ್ನು ನೋಡಿಕೊಂಡು ಕೂರುವವಳಲ್ಲವೇ.

ಉತ್ತರವನ್ನು ನಿರೀಕ್ಷಿಸುವ,
ಸಂಯುಕ್ತಾ


ರೊಟೊಟೂನ
೧೩ ಜೂನ್

ಸಂಯುಕ್ತಾ,

ನಿನ್ನ ಪತ್ರ ಬಂತು. ತಹಶೀಲ್ದಾರ ಕಚೇರಿಯಿಂದ ನೋಟೀಸ್ ಬಂದಂಗಾತು. ಕುಂತು ಓದಬೇಕೋ ನಿಂತು ಓದಬೇಕೋ ತಿಳೀಲಿಲ್ಲ. ಲಿಖಿತವಾಗಿ ಅಂತ! ನಿನ್ನ ಹಡಿಯೋವಾಗ ನಾ ಯಾರ ಕಡಿಂದನೂ ಏನೂ ಲಿಖಿತವಾಗಿ ತಗೊಂಡಿರಲಿಲ್ಲ ನೋಡವಾ.

ಆಗಸ್ಟ್ ಯಾಕಂದ್ರ ಆವಾಗ ಬರ್ಫ ಚೊಲೊ ಇರತೈತಂತ. ಮಯೂರಿ ಒಂದು ದಿನ ಸಾಲಿ ಬಿಟ್ರ ಮುಳುಗೋದೇನಿಲ್ಲ. ಈ ಸಲ ಇನ್ನೊಂದು ಮನಿಯವರು ನಮ್ಮ ಕೂಡ ಬರ್ತಾರ, ಅದಕ್ಕ ನಾಕು ಖೋಲಿ. ಒಳ್ಳೆ ಮಂದಿ. ನಿನ್ನ ನೋಡಬೇಕಂತ ಅವರಿಗೆ ಭಾಳ ಆಸೆ ಐತಿ.

ಬರೂವಾಗ ನಿನ್ನ ಕಪಾಟಿನ್ಯಾಗ ಇರೋ ಹಸಿರು ಇಳಕಲ್ ಸೀರಿ ತಗೊಂಡು ಬಾ. ಕುಬಸಾನೂ ತಾ. ಮರೀಬ್ಯಾಡ.

ನನ್ನ ಗುರಿ ಯಾಕ ಕೇಳಂಗಿಲ್ಲ? ಬರಕೊ. ಸಣ್ಣ ಹುಡುಗರು ಕಲಿಯೋ ಇಳಿಜಾರಿನ್ಯಾಗ ಒಮ್ಮೆ ಬೀಳದಂಗ ಕೆಳಗ ಬರೋದು. ಅಂಜಿಕಿ ಏನಿಲ್ಲ. ಹಲಗಿ ಎರಡರ ಮುಂದಿನ ತುದಿ ಕೂಡಿಸಿ, ಕಾಲಿಂದ ನಮಸ್ಕಾರ ಮಾಡಿದ್ರ ತಾವ ನಿಂತ ಬಿಡತಾವ.

ಊಟಾ ಸರಿಯಾಗಿ ಮಾಡು.

ಅವ್ವ


ನೆಲ್ಸನ್
೧೫ ಜೂನ್

ಅವ್ವನಿಗೆ,

ನಿನ್ನ ಪತ್ರದಲ್ಲಿ ಇರುವುದಕ್ಕಿಂತ ಇಲ್ಲದ್ದೇ ಹೆಚ್ಚು.

ಮೊದಲನೆಯದು, ಕಾಲಿನ ನಮಸ್ಕಾರ. ಇಲ್ಲಿ ಮಕ್ಕಳಿಗೆ ನಿಲ್ಲುವುದನ್ನು ಕಲಿಸುವಾಗ ಹಲಗೆಗಳನ್ನು ಪಿಜ್ಜಾದ ತುಂಡಿನಂತೆ ಹಿಡಿಯಿರಿ ಎನ್ನುತ್ತಾರೆ. ನಮಸ್ಕಾರ ಎನ್ನುವ ಬೋಧಕರನ್ನು ನಾನು ಈವರೆಗೆ ಕಂಡಿಲ್ಲ. ಇದು ಕನ್ನಡದವರು ಹೇಳಿಕೊಟ್ಟ ಮಾತು. ಅದೂ ಹಲಗೆ ಕಟ್ಟಿಕೊಂಡು ನಿಂತವಳಿಗೆ ಹೇಳಿಕೊಟ್ಟದ್ದು. ಯಾರವರು?

ಎರಡನೆಯದು, ಸೀರೆ. ಅಪ್ಪ ತೀರಿಕೊಂಡ ವರ್ಷ ನೀನೇ ಅದನ್ನು ನನ್ನ ಕೈಗಿಟ್ಟು, ಇನ್ನು ಇದು ನಿನಗೆ ಎಂದೆ. ನಾನು ಅದನ್ನು ಒಮ್ಮೆಯೂ ಉಟ್ಟಿಲ್ಲ. ಉಷ್ಣಾಂಶ ಸೊನ್ನೆಗಿಂತ ಕೆಳಗಿರುವ ಊರಿಗೆ ಇಳಕಲ್ ಸೀರೆ ತರಬೇಕಾದ ಸಂದರ್ಭ ಯಾವುದಿರಬಹುದು?

ಮೂರನೆಯದು, ನನ್ನನ್ನು ನೋಡುವ ಆಸೆ. ನಿನ್ನೆ ಅಣ್ಣನಿಗೆ ಫೋನ್ ಮಾಡಿದೆ. ನಡೆದ ಮಾತನ್ನು ಇದ್ದಂತೆಯೇ ಬರೆಯುತ್ತಿದ್ದೇನೆ, ನೀವಿಬ್ಬರೂ ಮುಂದೆ ಅಲ್ಲಗಳೆಯದಿರಲಿ ಎಂದು.

"ಅಣ್ಣಾ, ನಮ್ಮ ಕೂಡ ಯಾರು ಬರಾಕತ್ತಾರ?"

"ಅವ್ವನ್ನ ಕೇಳು ಸಂಯು. ನಾ ನಡುವ ಬರಂಗಿಲ್ಲ."

"ಬಾಚ್ ಬುಕ್ ಮಾಡಿದಾಂವ ನೀನು. ನಡುವ ಬರಂಗಿಲ್ಲಂದ್ರ?"

"ನೀ ಬಾ ಮೊದಲ. ನೋಡಿದ ಮ್ಯಾಲ ನಿನಗ ಎಲ್ಲಾ ತಿಳಿತೈತಿ."

"ಯಾರನ್ನ ನೋಡಿದ ಮ್ಯಾಲ?"

ಆಗ ಹಿಂದಿನಿಂದ ವೈನಿಯ ದನಿ ಕೇಳಿಸಿತು: "ರೀ, ನೀವು ಫೋನ್ ಇಡ್ರಿ!" ಅವನು ಇಟ್ಟ. ಮೂರನೆಯ ತರಗತಿಯ ಮಯೂರಿ ಮಾತ್ರ, ಫೋನ್ ಇಡುವ ಮುನ್ನ, "ಇಟ್ಸ್ ಎ ಸೀಕ್ರೆಟ್, ಅತ್ತೀ!" ಎಂದು ಕೂಗಿದಳು. ನಿಮ್ಮ ಮನೆಯಲ್ಲಿ ನನ್ನ ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟವಳು ಅವಳೊಬ್ಬಳೇ.

ಹಸಿರು ಸೀರೆ, ಒಳ್ಳೆಯ ಮಂದಿ, ನೋಡುವ ಆಸೆ. ಇದು ಸ್ಕೀ ಪ್ರವಾಸವಲ್ಲ; ಬೆಟ್ಟದ ಮೇಲೆ ಇಟ್ಟುಕೊಂಡ ಕನ್ಯೆ ನೋಡುವ ಕಾರ್ಯಕ್ರಮ. ಹೌದೋ ಅಲ್ಲವೋ?

ಸಂಯುಕ್ತಾ


ರೊಟೊಟೂನ
೨೪ ಜೂನ್

ಸಂಯುಕ್ತಾ,

ತಡಾ ಆತು. ಮಯೂರಿಗೆ ನೆಗಡಿ ಆಗಿತ್ತು, ಆಮ್ಯಾಲ ನನಗ. ಈಗ ಆರಾಮ ಅದೀವಿ.

ಕನ್ಯಾ ನೋಡೋದು ಅಂತ ನಾ ಎಲ್ಲೆ ಬರದೀನಿ? ಇನ್ನೊಮ್ಮೆ ಓದು. ನಾ ಬರದಿದ್ದು ಬಿಟ್ಟು ಬ್ಯಾರೆದ ಓದ್ತಿ ನೀನು.

ಬರೋರ ಹೆಸರು ದತ್ತಾತ್ರೇಯ. ಮೈಸೂರ ಕಡೆಯವರು. ಪುಕೆಕೊಹೆದಾಗ ಉಳ್ಳಾಗಡ್ಡಿ ಪ್ಯಾಕ್‌ಹೌಸಿನ್ಯಾಗ ಮ್ಯಾನೇಜರ್ ಅದಾರ. ನಾ ಉಳ್ಳಾಗಡ್ಡಿ ಅಂದ್ರ ಅವರು ನಗ್ತಾರ, ಅವರು ಈರುಳ್ಳಿ ಅಂದ್ರ ನಾ ನಗ್ತೀನಿ. ಮಗ ಕೇದಾರ ಅಂತ, ಆಕ್ಲೆಂಡಿನ್ಯಾಗ ಕೆಲಸ. ಮನ್ಯಾಗ ಇಬ್ಬರ ಗಂಡಸರು. ಇಬ್ಬರೂ ಸ್ಕೀ ಭಾಳ ಚೊಲೊ ಮಾಡ್ತಾರ. ಈ ಸಲ ಪ್ಯಾಕ್‌ಹೌಸಿನ ಕೆಲಸ ಜುಲೈ ಮುಗಿಯೂತನಕ ಐತಿ, ಅದಕ್ಕ ಆಗಸ್ಟ್ ಮಾಡಿದ್ವಿ.

ನೀ ಫಸ್ಟ್ ರ‍್ಯಾಂಕ್ ಬಂದಿದ್ದು, ಗುಡ್ಡ ಕುಸೀದಂಗ ಆನು ಕೊಡೋ ಗ್ವಾಡಿ ಡಿಸೈನ್ ಮಾಡೋದು, ಎಲ್ಲಾ ಹೇಳೀನಿ ಅವರ ಮುಂದ. ಕೇದಾರ ಅಂದಾ, ಕಪ್ಪು ಇಳಿಜಾರಿಗೆ ನಾನೂ ಬರ್ತೀನಿ ಆಕಿ ಕೂಡ, ನೋಡೋಣು ಯಾರು ಮೊದಲ ಕೆಳಗ ಬರ್ತಾರ ಅಂತ.

ನೋಡೂಕಿಂತ ಮೊದಲ ಬ್ಯಾಡ ಅನಬ್ಯಾಡ ಮಗಳ. ಇಷ್ಟ ಕೇಳ್ತೀನಿ.

ಅವ್ವ


ನೆಲ್ಸನ್
೨೫ ಜೂನ್

ಅವ್ವನಿಗೆ,

ಈಗ ಎಲ್ಲವೂ ಸ್ಪಷ್ಟವಾಯಿತು. ಆ ಕೇದಾರ್ ಎಂಬವರ ಬಗ್ಗೆ ನಾನು ವಿಚಾರಿಸಿ ನೋಡಿದೆ. ಆಕ್ಲೆಂಡಿನಲ್ಲಿ ವಿಮಾ ಕಂಪನಿಯ ಕೆಲಸ. ಇಂಟರ್ನೆಟ್ಟಿನಲ್ಲಿರುವ ಚಿತ್ರದಲ್ಲಿ ಬೆಟ್ಟದ ತುದಿಯಲ್ಲಿ ಹೆಲ್ಮೆಟ್ ಇಲ್ಲದೆ, ತಲೆಗೂದಲು ಹಾರಿಸಿಕೊಂಡು ನಿಂತಿದ್ದಾರೆ. ಅಪಾಯದ ಲೆಕ್ಕ ಹಾಕುವುದೇ ಉದ್ಯೋಗವಾದ ಮನುಷ್ಯ ತನ್ನ ತಲೆಯನ್ನೇ ಆ ಲೆಕ್ಕದಿಂದ ಹೊರಗಿಟ್ಟಿದ್ದಾನೆ. ಅಂತಹವರ ಜೊತೆ ಇಳಿಜಾರಿನಲ್ಲಿ ಇಳಿಯುವುದಕ್ಕೇ ನಾನು ಒಪ್ಪುವುದಿಲ್ಲ. ಬೇರೆ ಮಾತು ದೂರ.

ನನ್ನ ನಿಲುವು ಹೀಗಿದೆ. ನಾನು ಸೀರೆ ತರುವುದಿಲ್ಲ. ಬಾಚಿನ ಅಡುಗೆಮನೆಯಿಂದ ತಟ್ಟೆಯಲ್ಲಿ ಚುರುಮುರಿ ಸೂಸಲ ಹಿಡಿದು ಹೊರಗೆ ಬರುವುದಿಲ್ಲ. ಯಾರ ಎದುರೂ ತಲೆ ತಗ್ಗಿಸಿ ಕೂತು ಅಡುಗೆ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರಿಸುವುದಿಲ್ಲ. ನನ್ನ ಮದುವೆಯನ್ನು ನಾನೇ, ನನಗೆ ಬೇಕೆನಿಸಿದಾಗ ಮಾತಾಡುತ್ತೇನೆ. ಇದಿಷ್ಟನ್ನೂ ನೀನು ಒಪ್ಪಿ ಬರೆಯದಿದ್ದರೆ ಈ ಋತುವನ್ನು ಇಲ್ಲಿಯ ರೇನ್‌ಬೋ ಬೆಟ್ಟದಲ್ಲೇ ಒಬ್ಬಳೇ ಕಳೆಯುತ್ತೇನೆ.

ನೀನು ನನ್ನನ್ನು ಮೋಸದಿಂದ ಕರೆಸಿಕೊಳ್ಳುವವಳೆಂದು ನಾನು ಎಂದೂ ಎಣಿಸಿರಲಿಲ್ಲ.

ಸಂಯುಕ್ತಾ


ರೊಟೊಟೂನ
೨ ಜುಲೈ

ಸಂಯುಕ್ತಾ,

ಕೇದಾರನ ಬಗ್ಗೆ ಹಂಗೆಲ್ಲಾ ಬರೀಬ್ಯಾಡ. ಆಂವ ನಿನಗ ಅಣ್ಣ ಆಗ್ತಾನ.

ಸೀರಿ ತರದಿದ್ರ ಬ್ಯಾಡ ಬಿಡು.

ಅವ್ವ


ನೆಲ್ಸನ್
೩ ಜುಲೈ

ಅವ್ವನಿಗೆ,

ಅಣ್ಣ ಹೇಗಾಗುತ್ತಾನೆ?

ಅವರು ಮೈಸೂರಿನ ಕಡೆಯವರು, ನಾವು ಬಾಗಲಕೋಟೆಯವರು. ಅವರ ಪೈಕಿ ನಮ್ಮವರು ಯಾರೂ ಇಲ್ಲ. ಅಪ್ಪನ ಕಡೆಯಿಂದ ಎಣಿಸಿದರೂ ಸಿಗುವುದಿಲ್ಲ, ನಿನ್ನ ತವರಿನ ಕಡೆಯಿಂದ ಎಣಿಸಿದರೂ ಸಿಗುವುದಿಲ್ಲ. ಯಾರ ಅಕ್ಕನ, ಯಾರ ಮೈದುನನ ಮೂಲಕ ಅವನು ನನಗೆ ಅಣ್ಣ ಎಂಬುದನ್ನು ಒಂದು ಸಾಲಿನಲ್ಲಿ ಬರೆ, ಸಾಕು. ಬರೆಯಲಾರೆ ಎಂದಾದರೆ, ಅಣ್ಣನೆಂಬ ಮಾತು ನನ್ನನ್ನು ಬೆಟ್ಟದವರೆಗೆ ಕರೆಸಿಕೊಳ್ಳುವುದಕ್ಕೆ ಹೂಡಿದ ಇನ್ನೊಂದು ಉಪಾಯ ಎಂದೇ ತಿಳಿಯುತ್ತೇನೆ.

ಸಂಯುಕ್ತಾ


ನೆಲ್ಸನ್
೧೨ ಜುಲೈ

ಅವ್ವನಿಗೆ,

ಉತ್ತರ ಬರಲಿಲ್ಲ. ನಿನ್ನ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಕೋ ಕೋಪವೆಂದು ತಿಳಿಯಬೇಕೋ ಎಂದು ವೈನಿಯನ್ನು ಕೇಳಿದೆ. "ಅವರನ್ನ ಸ್ವಲ್ಪ ಸುಮ್ನ ಬಿಡ್ರಿ ಸಂಯುಕ್ತಾ, ಎರಡು ದಿನದಿಂದ ಸರಿಯಾಗಿ ಉಂಡಿಲ್ಲ" ಎಂದರು. ನೀನು ಊಟ ಬಿಡುವಷ್ಟು ನಾನು ಬರೆದದ್ದೇನು? ನನ್ನ ಪ್ರಶ್ನೆ ನ್ಯಾಯವಾದದ್ದು.

ಇಲ್ಲಿ ಬೆಟ್ಟ ತೆರೆದಿದೆ. ಬೋಧಕರ ತರಬೇತಿಯಲ್ಲಿ ನನಗೆ ನಡುವಯಸ್ಸಿನ ಹೆಂಗಸರ ಒಂದು ಗುಂಪನ್ನು ಒಪ್ಪಿಸಿದ್ದಾರೆ. ಪಿಜ್ಜಾ ಎಂದು ಎಷ್ಟು ಸಲ ಹೇಳಿದರೂ ಒಬ್ಬರು ಕಾಲು ಅಗಲಿಸಿ ನೇರವಾಗಿ ಬೇಲಿಯವರೆಗೆ ಹೋಗುತ್ತಿದ್ದರು. ಕೊನೆಗೆ ನಾನು ಎರಡೂ ಅಂಗೈ ಜೋಡಿಸಿ ತೋರಿಸಿ, ಕಾಲಿನಿಂದ ಹೀಗೆ ಮಾಡಿ ಎಂದೆ. ಅವರು ನಿಂತರು. ಇದನ್ನು ನಿನಗೆ ಹೇಳಿಕೊಟ್ಟವರು ಯಾರೇ ಇರಲಿ, ಕಲಿಸುವುದನ್ನು ಬಲ್ಲವರು. ನನ್ನ ಅನುಮಾನ ಇದರಿಂದ ಕಡಿಮೆಯಾಗಿಲ್ಲ, ಹೆಚ್ಚಾಗಿದೆ.

ಸಂಯುಕ್ತಾ


ನೆಲ್ಸನ್
೨೦ ಜುಲೈ

ಅವ್ವಾ,

ಇಂದು ಕಪಾಟಿನಿಂದ ಹಸಿರು ಸೀರೆಯನ್ನು ಹೊರಗೆ ತೆಗೆದೆ, ನಿನಗೆ ಅಂಚೆಯಲ್ಲಿ ಹಿಂದಕ್ಕೆ ಕಳಿಸಿಬಿಡೋಣವೆಂದು. ಒಳಗೆ ಮಡಿಸಿಟ್ಟ ಕುಪ್ಪಸ ಸಿಕ್ಕಿತು. ಅದು ನಿನ್ನ ಅಳತೆಯದು. ನನಗೆ ತೋಳೂ ಏರುವುದಿಲ್ಲ.

ಆಮೇಲೆ ನಿನ್ನ ಪತ್ರಗಳನ್ನು ಮತ್ತೆ ಓದಿದೆ. ತಗೊಂಡು ಬಾ ಎಂದು ಬರೆದಿದ್ದೀಯೆ. ಉಟ್ಟುಕೊ ಎಂದು ಎಲ್ಲಿಯೂ ಬರೆದಿಲ್ಲ.

ಒಂದೇ ಪ್ರಶ್ನೆ. ನಮ್ಮ ಭಾಷೆಯಲ್ಲಿ ಇಂದು ಇರುವುದಕ್ಕೂ ನಾಳೆ ಆಗುವುದಕ್ಕೂ ಒಂದೇ ರೂಪ. "ಅಣ್ಣ ಆಗ್ತಾನ" ಎಂದು ನೀನು ಬರೆದದ್ದು ವರ್ತಮಾನಕಾಲವೇ, ಭವಿಷ್ಯತ್ಕಾಲವೇ?

ಸಂಯುಕ್ತಾ


ರೊಟೊಟೂನ
೨೨ ಜುಲೈ

ನನ್ನ ಮಗಳ,

ಭವಿಷ್ಯತ್ಕಾಲ.

ಹೋದ ವರ್ಷ ನೀವೆಲ್ಲಾ ಮ್ಯಾಲ ಹೋದ್ರಿ. ನಾ ಕೆಳಗ ಕೆಫೆದಾಗ ನಿಮ್ಮ ಚೀಲಾ ಕಾಯ್ಕೊಂಡು ಕುಂತಿದ್ದೆ. ಮಗ್ಗಲ ಟೇಬಲ್‌ನ್ಯಾಗ ಒಬ್ಬರು ಬೂಟ್ ಬಿಚ್ಚಾಕ ಬಾರದ, "ಅಯ್ಯೋ ಶಿವನೇ" ಅಂದ್ರು. ಈ ದೇಶದಾಗ ಯಾರರೆ ಬೂಟಿಗೆ ಶಿವನ್ನ ಕರೀತಾರೇನು? ನಾ ನಕ್ಕೆ. ಹಂಗ ಮಾತಾತು. "ನೀವ್ಯಾಕೆ ಮೇಲೆ ಹೋಗ್ಲಿಲ್ಲ?" ಅಂದ್ರು. ಚೀಲಾ ಅದಾವಲ್ರಿ ಅಂದೆ. "ಚೀಲ ಎಲ್ಲಿಗೂ ಹೋಗಲ್ಲ ಕಣ್ರೀ, ಹೋಗೋದು ನಾವೇ" ಅಂದ್ರು. ಅವತ್ತ ಏನೂ ಆಗಲಿಲ್ಲ. ಚೀಲಾ ಬಿಟ್ಟು ಬರ್ಫದ ಅಂಚಿನತನಕ ಹೋಗಿ ನಿಂತು ಬಂದೆ, ಅಷ್ಟ. ನೀ ಕೆಳಗ ಬಂದು, ಚೀಲಾ ಬಿಟ್ಟು ಎಲ್ಲೆ ಹೋಗಿದ್ದಿ ಅವ್ವಾ ಅಂತ ಸಿಟ್ಟಿಗೆದ್ದಿ. ನೆನಪೈತೇನು?

ಆಮ್ಯಾಲ ದತ್ತಾತ್ರೇಯ ಅವರು ಇಲ್ಲೆ ಹ್ಯಾಮಿಲ್ಟನ್ ಕನ್ನಡದವರ ಹಬ್ಬದಾಗ ಮತ್ತ ಸಿಕ್ರು. ಕಿರಣನ ಕೂಡನೂ ಮಾತಾಡಿದ್ರು, ಮನಿಗೆ ಬಂದ್ರು. ಆಕ್ಲೆಂಡಿನ್ಯಾಗ ಛತ್ತಿನ ಕೆಳಗ ಬರ್ಫ ಮಾಡ್ತಾರಲ್ಲ, ಅಲ್ಲೆ ನನಗ ಕಲಿಸಿದ್ರು. ವಂದನಾಳ ಪ್ಯಾಂಟ್ ಹಾಕ್ಕೊಂಡು ಹೋಗಿದ್ದೆ. ಮೊದಲ ದಿನ ಬಿದ್ದು ಬಿದ್ದು ನಡ ಹೋತು. ಮನಿಗೆ ಬಂದು ಒಬ್ಬಾಕಿನ ನಕ್ಕೆ. ನಿಮ್ಮಪ್ಪ ಹೋದಮ್ಯಾಲ ಹಂಗ ನಕ್ಕಿದ್ದು ಅದ ಮೊದಲ.

ನಮ್ಮ ಕಡೆ ಹಿಂದ ಉಡಿಕಿ ಅಂತಿದ್ರು, ನೀ ಕೇಳಿರಲಿಕ್ಕಿಲ್ಲ. ಗಂಡ ಹೋದ ಹೆಂಗಸಿಗೆ ಇನ್ನೊಬ್ಬ ಸೀರಿ ಉಡಿಸಿದ್ರ ಆತು, ಅದ ಲಗ್ನ. ಓಲಗಾ ಇಲ್ಲ, ಅಕ್ಕಿಕಾಳಿಲ್ಲ. ನನ್ನ ಸ್ವಾದರತ್ತಿ ಜಯಲಕ್ಷ್ಮಿಗೆ ಹಂಗ ಆಗಿತ್ತು. ಇವರು ಹೊಸಾ ಸೀರಿ ತರ್ತೀನಿ ಅಂದ್ರು. ಬ್ಯಾಡ, ಹಸಿರು ಸೀರಿ ನನ್ನ ಹಂತ್ಯಾಕ ಐತಿ, ಮಗಳ ಮನ್ಯಾಗ ಐತಿ ಅಂದೆ. ನಿನ್ನ ಕೈಲೆ ಬರಲಿ ಅಂತ ಆಸೆ ಆತು. ನಿನಗ ಕೊಟ್ಟಿದ್ದನ್ನ ತಿರುಗಿ ಕೇಳೋದು ಹೆಂಗ ಅಂತನೂ ನಾಚಿಕಿ ಆತು.

ನಿನ್ನ ಮುಂದ ಹೇಳಾಕ ಯಾಕ ಅಂಜಿದೆ ಅಂದ್ರ, ನೀ ಕಾರಣ ಕೇಳ್ತಿ. ಎಲ್ಲಾದಕ್ಕೂ ಕಾರಣ ಬೇಕು ನಿನಗ. ನನ್ನ ಹಂತ್ಯಾಕ ಒಂದೂ ಕಾರಣ ಇಲ್ಲ. ಕಿರಣನ ಮನ್ಯಾಗ ನನಗ ಏನೂ ಕಡಿಮಿ ಇಲ್ಲ, ವಂದನಾ ಮಗಳಂಗ ನೋಡ್ಕೋತಾಳ. ಆದ್ರೂ ಬೇಕನಿಸೇತಿ. ಅಷ್ಟ.

ಕಿರಣ, ವಂದನಾ ಹೂಂ ಅಂದಾರ. ಕೇದಾರ ಈಗ ಅಮ್ಮ ಅಂತ ಶುರು ಮಾಡ್ಯಾನ, ಹುಡುಗ. ನೀ ಒಬ್ಬಾಕಿ ಉಳದಿ. ಓಹಾಕುನೆದಾಗ ನೀ ಅವರನ್ನ ನೋಡಿದ ಮ್ಯಾಲ ಹೇಳೋಣು ಅಂತ ಮಾಡಿದ್ವಿ. ನೋಡಬೇಕಾದಾಕಿ ನೀನು, ನಿನ್ನ ನೋಡೋದಲ್ಲ. ನೀ ತಿರುವು ಮುರುವು ಮಾಡಿಕೊಂಡಿ.

ಸಂಯುಕ್ತಾ, ನಿಮ್ಮಪ್ಪನ ಮಗಳು ನೀನು. ನಿನಗ ಮನಸ್ಸಿಲ್ಲಂದ್ರ ನಾ ಇಲ್ಲಿಗೆ ಬಿಡ್ತೀನಿ. ಖರೇನ ಬಿಡ್ತೀನಿ, ಆಮ್ಯಾಲ ಒಂದು ದಿನಾನೂ ಆಡಿ ತೋರಸಂಗಿಲ್ಲ. ನಾ ಕಾರಣ ಕೇಳಂಗಿಲ್ಲ. "ಬ್ಯಾಡ" ಅಂತ ಒಂದ ಶಬ್ದ ಬರದು ಕಳಸು, ಸಾಕು. ಲಿಖಿತವಾಗಿ.

ಅವ್ವ


ನೆಲ್ಸನ್
೧೧ ಆಗಸ್ಟ್ ೨೦೨೫

ಅವ್ವಾ,

ಇಂದು ಸೋಮವಾರ, ಆಗಸ್ಟ್ ಹನ್ನೊಂದು. ನಿನ್ನ ಪತ್ರ ಬಂದು ಬಹಳ ದಿನಗಳಾದವು. ಈ ಪತ್ರದ ಉದ್ದೇಶ ಅದಕ್ಕೆ ಉತ್ತರಿಸುವುದು.

ತಡವಾದುದಕ್ಕೆ ಮಯೂರಿಯ ನೆಗಡಿಯಂತಹ ಕಾರಣ ನನ್ನ ಬಳಿ ಇಲ್ಲ. ಮೂರು ಸಲ ಬರೆದೆ, ಮೂರು ಸಲ ಅಳಿಸಿದೆ. ಒಂದರಲ್ಲಿ ಅಪ್ಪನ ವಿಷಯ ಬರೆದಿದ್ದೆ. ಇನ್ನೊಂದರಲ್ಲಿ, ಒಂದು ವರ್ಷ ನೀವೆಲ್ಲರೂ ತಿಳಿದೂ ನನಗೊಬ್ಬಳಿಗೆ ಮುಚ್ಚಿಟ್ಟಿರಿ ಎಂದು ಬರೆದಿದ್ದೆ. ಅದರಿಂದ ನನಗೆ ನೋವಾಗಿದೆ. ಆ ಸಾಲನ್ನು ಮಾತ್ರ ಇಲ್ಲಿ ಉಳಿಸಿಕೊಂಡಿದ್ದೇನೆ.

ದತ್ತಾತ್ರೇಯ ಅವರ ಬಗ್ಗೆ ನನಗೆ ಇನ್ನೂ ಅನುಮಾನಗಳಿವೆ. ತನ್ನ ಬೂಟನ್ನು ತಾನೇ ಬಿಚ್ಚಲಾಗದ ಮನುಷ್ಯ "ಸ್ಕೀ ಭಾಳ ಚೊಲೊ" ಮಾಡುತ್ತಾರೆ ಎಂದರೆ ನಂಬುವುದು ಕಷ್ಟ. ಕಾಲಿನ ನಮಸ್ಕಾರ ಮಕ್ಕಳ ಇಳಿಜಾರಿಗೆ ಸಾಕು. ಅದರ ಮೇಲೆ ಹೋದರೆ ಹಲಗೆ ನಿಲ್ಲುವುದಿಲ್ಲ, ತಿರುಗಿಸುವುದನ್ನು ಕಲಿಯಬೇಕು. ಅದನ್ನು ಅವರು ನಿನಗೆ ಕಲಿಸಿದ್ದಾರೆಯೇ? ಇಲ್ಲವೆಂದು ನನ್ನ ಊಹೆ. ಪ್ರಶ್ನೆಗಳನ್ನು ಅವರೆದುರೇ ಕೂತು ಕೇಳುತ್ತೇನೆ. ಅಡುಗೆ ಬರುತ್ತದೆಯೇ ಎಂಬುದನ್ನೂ ಕೇಳುತ್ತೇನೆ. ಸೂಸಲ ಹಿಡಿದು ಅಡುಗೆಮನೆಯಿಂದ ಅವರೇ ಬರಲಿ.

ಕೇದಾರ್ ಅವರ ಬಗ್ಗೆ ಬರೆದದ್ದನ್ನು ಹಿಂದಕ್ಕೆ ಪಡೆಯುತ್ತೇನೆ, ಹೆಲ್ಮೆಟ್ಟಿನ ವಿಷಯವನ್ನು ಬಿಟ್ಟು. ಕಪ್ಪು ಇಳಿಜಾರಿನಲ್ಲಿ ನಾನೇ ಮೊದಲು ಕೆಳಗೆ ಬರುತ್ತೇನೆ ಎಂದು ಅವರಿಗೆ ಹೇಳು.

ಆಗಸ್ಟ್ ಇಪ್ಪತ್ತೊಂದರಂದು ಆಕ್ಲೆಂಡಿಗೆ ಬರುತ್ತೇನೆ. ಅಣ್ಣ ವಿಮಾನ ನಿಲ್ದಾಣಕ್ಕೆ ಬರಲಿ. ಸೀರೆಗೆ ಇಸ್ತ್ರಿ ಮಾಡಿಸಿದ್ದೇನೆ. ಸೆರಗಿನ ಒಂದು ಕಡೆ ದಾರ ಬಿಟ್ಟಿತ್ತು, ಹೊಲಿದಿದ್ದೇನೆ, ಹೊಲಿಗೆ ನೆಟ್ಟಗಿಲ್ಲ. ಸೀರೆ, ಕುಪ್ಪಸ ಎರಡನ್ನೂ ಕೈಚೀಲದಲ್ಲೇ ತರುತ್ತೇನೆ, ವಿಮಾನದವರ ಕೈಗೆ ಕೊಡುವುದಿಲ್ಲ. ಇಪ್ಪತ್ತಮೂರರಂದು ನೀನು ಇಳಿಯುವಾಗ ಕೆಳಗೆ ಕೆಫೆಯಲ್ಲಿ ಚೀಲಗಳ ಹತ್ತಿರ ನಾನು ಇರುತ್ತೇನೆ. ಅಲ್ಲಿಂದ ಮಕ್ಕಳ ಇಳಿಜಾರು ಪೂರ್ತಿ ಕಾಣುತ್ತದೆ.

ನೀನು ಕೇಳಿದ ಆ ಒಂದು ಶಬ್ದವನ್ನು ನಾನು ಬರೆಯುವುದಿಲ್ಲ.

ಸಂಯುಕ್ತಾ